ಕ್ಯಾಂಟೀನಿನಲ್ಲಿ ನಮ್ಮವರು ಇದ್ದಾರಾ?

ಹನ್ನೆರಡನೆಯ ತರಗತಿಯ ರಿಸಲ್ಟ್ ಬಂತೆಂದರೆ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಕಾಲಿಂಗ್ ಬೆಲ್ಲಿಗೆ ಬಿಡುವಿಲ್ಲ. ನಗುವುದಕ್ಕೂ, ನಕ್ಕಾದ ಮೇಲೆ ಒಬ್ಬಳೇ ಕೂತು ಪೇಚಾಡುವುದಕ್ಕೂ ನನಗೆ ಪ್ರತಿವರ್ಷ ಏನಾದರೊಂದು ಸಿಕ್ಕೇ ಸಿಗುತ್ತದೆ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಊರು ಧಾರವಾಡದ ಕಡೆ, ಮದುವೆಯಾಗಿ ಬಂದವಳು ಇಲ್ಲೇ ಉಳಿದೆ. ನಮ್ಮ ಶಾಲೆಗೆ ಹನ್ನೊಂದು, ಹನ್ನೆರಡನೆಯ ತರಗತಿಗಳೂ ಅಂಟಿಕೊಂಡಿವೆ. ಹನ್ನೆರಡು ಮುಗಿಸಿದ ಮಕ್ಕಳಿಗೆ ಯಾವ ಕೋರ್ಸು, ಯಾವ ಕಾಲೇಜು ಎಂದು ದಾರಿ ತೋರಿಸುವ ಕೆಲಸ ಸ್ಟಾಫ್ ರೂಮಿನಲ್ಲಿ ಯಾರಿಗೂ ಬೇಡವಾಗಿತ್ತು. ಇಲ್ಲ ಎನ್ನಲು ಬಾರದವಳು ನಾನೊಬ್ಬಳೇ ಎಂದು ನನ್ನ ಕೊರಳಿಗೆ ಕಟ್ಟಿದರು. ಸುದ್ದಿ ತಿಳಿದು ಈಗ ಠಾಣೆಯಿಂದಲೂ ಕಲ್ಯಾಣದಿಂದಲೂ ಕನ್ನಡದವರು ಬರುತ್ತಾರೆ.

ಬಂದವರಿಗೆಲ್ಲ ನಾನು ಹೇಳುವುದು ಒಂದೇ. ಅಪ್ಲಿಕೇಶನ್ ಹಾಕುವ ಮೊದಲು ಕಾಲೇಜನ್ನು ಕಣ್ಣಾರೆ ನೋಡಿಬನ್ನಿ. ಎಡವಟ್ಟಾಗುವುದು ಇಲ್ಲೇ. ಮಕ್ಕಳು ಕಾಲೇಜು ನೋಡುತ್ತಾರೆ, ಅಪ್ಪಂದಿರು ತಮ್ಮ ತಮ್ಮ ಕಸುಬು ನೋಡುತ್ತಾರೆ. ಒಬ್ಬರು ರೈಲ್ವೆಯಲ್ಲಿದ್ದವರು. ಮಗನಿಗೆ ಒಪ್ಪಿಗೆಯಾದ ಕಾಲೇಜಿನ ಬಗ್ಗೆ ನಾನು ಗಂಟಲು ಒಣಗುವಷ್ಟು ವಿವರಿಸಿದ ಮೇಲೆ, “ಅಲ್ಲಿ ಫಾಸ್ಟ್ ಲೋಕಲ್ ನಿಲ್ಲುತ್ತದೆಯೇ?” ಎಂದು ಕೇಳಿದರು. ಇಲ್ಲ, ಎಲ್ಲ ಕಡೆ ನಿಂತು ಹೋಗುವ ಸ್ಲೋ ಗಾಡಿ ಮಾತ್ರ ಎಂದೆ. “ಫಾಸ್ಟ್ ನಿಲ್ಲದ ಕಡೆ ಓದಿ ಇವನು ಯಾವಾಗ ಮುಂದೆ ಬರುವುದು?” ಎಂದು ಮಗನನ್ನು ಎಬ್ಬಿಸಿಕೊಂಡು ಹೊರಟರು.

೧. ಬಿಲ್ಡಿಂಗ್ ಮಾತ್ರ ಬೇಡ

ಕಲಬುರಗಿ ಕಡೆಯ ಒಬ್ಬ ಗವಂಡಿ, ಅಂದರೆ ಮನೆ ಕಟ್ಟುವ ಮೇಸ್ತ್ರಿ. ಮಗಳು ಲೆಕ್ಕದಲ್ಲಿ ಬಲು ಚುರುಕು. ಬಿ.ಎಸ್ಸಿ.ಗೆಂದು ಐರೋಲಿಯ ಹತ್ತಿರದ ಒಂದು ಕಾಲೇಜು ತೋರಿಸಲು ಅಪ್ಪ ಮಗಳಿಬ್ಬರನ್ನೂ ಕರೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಪ್ರಿನ್ಸಿಪಾಲರು ಖುದ್ದಾಗಿ ಲ್ಯಾಬು, ಲೈಬ್ರರಿ ಎಲ್ಲ ತೋರಿಸಿದರು. ಮಗಳ ಕಣ್ಣು ಅರಳಿತ್ತು. ಅಪ್ಪ ಮಾತ್ರ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ, ಮೇಲೆ ನೋಡುತ್ತಾ ಬರುತ್ತಿದ್ದರು. ಮೂರನೆಯ ಮಹಡಿಗೆ ಬಂದಾಗ ಒಂದು ಮೂಲೆಯಲ್ಲಿ ನಿಂತುಬಿಟ್ಟರು. ತಲೆಯೆತ್ತಿ ಸೂರನ್ನೇ ದಿಟ್ಟಿಸಿದರು. ದೊಡ್ಡ ಕಾಲೇಜು ಕಂಡು ಬೆರಗಾಗಿದ್ದಾರೆ ಎಂದು ಪ್ರಿನ್ಸಿಪಾಲರು ಚಹಾ ತರಿಸಿ ಉಪಚರಿಸಿದರು.

ಗೇಟಿನಿಂದ ಹೊರಗೆ ಬಂದದ್ದೇ, “ಇದು ಬ್ಯಾಡ್ರಿ ಬಾಯಾರ” ಎಂದರು.

“ಯಾಕ್ರೀ? ಇಷ್ಟು ಛಲೋ ಕಾಲೇಜು!”

“ಕಾಲೇಜು ಛಲೋ ಐತ್ರಿ. ಬಿಲ್ಡಿಂಗ್ ಬ್ಯಾಡ್ರಿ.”

“ಬಿಲ್ಡಿಂಗಿಗೆ ಏನಾಗೇತ್ರಿ?”

ಅವರು ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳಿದರು: “ಈ ಸ್ಲ್ಯಾಬ್ ನಾನ ಹಾಕೀನ್ರಿ.”

ಹುಡುಗಿ ಕೊನೆಗೆ ಕಲ್ಯಾಣದಲ್ಲಿ ಸೇರಿದಳು. ಅಲ್ಲಿ ಗಣಿತಕ್ಕೆ ಹೇಳಿಕೊಳ್ಳುವಂಥ ಮೇಷ್ಟ್ರಿಲ್ಲ. “ಅಪ್ಪ ಕಟ್ಟಿದ ಕಾಲೇಜಿನ್ಯಾಗ ಕೂತು ಓದಬೇಕಂತ ಆಸೆ ಇತ್ರಿ ಟೀಚರ್” ಎಂದು ಅವಳು ಆಮೇಲೊಮ್ಮೆ ಅಂದಾಗ ನನಗೆ ಕೆಡುಕೆನಿಸಿತು. ಐರೋಲಿಯ ಆ ಕಾಲೇಜಿಗೆ ನಾನು ಈಗಲೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಆದರೆ ವಿವರಿಸುವುದೆಲ್ಲ ಹೊರಗೆ ಗ್ರೌಂಡಿನಲ್ಲಿ ನಿಂತು.

೨. ಸೈಕಾಲಜಿ ಎಂದರೆ

ಆದರೆ ನನ್ನನ್ನು ಎಲ್ಲರಿಗಿಂತ ಹೆಚ್ಚು ಅಲೆಸಿದವರು, ಈಗಲೂ ನೆನೆದರೆ ನಗು ಬಂದು ಅದರ ಹಿಂದೆಯೇ ಸಂಕಟವಾಗುವಂತೆ ಮಾಡಿದವರು, ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಒಬ್ಬ ಹೋಟೆಲ್ ಮಾಲೀಕರು. ಉಡುಪಿ ಕಡೆಯವರು. ಹುಡುಗನಾಗಿ ಬಂದು, ಟೇಬಲ್ ಒರೆಸಿ, ತಟ್ಟೆ ತೊಳೆದು, ಈಗ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂರುವ ಮನುಷ್ಯ. ಒಬ್ಬಳೇ ಮಗಳು, ನನ್ನ ವಿದ್ಯಾರ್ಥಿನಿ. ಮಾರ್ಕು ಚೆನ್ನಾಗಿ ಬಂದಿತ್ತು. ಸೈಕಾಲಜಿ ಓದುತ್ತೇನೆ ಎಂದಳು. ಅಪ್ಪನಿಗೆ ವಿವರಿಸಲು ಅವರ ಮನೆಗೆ ಹೋದೆ.

“ಅದರಲ್ಲಿ ಎಂತ ಕಲಿಸ್ತಾರೆ ಟೀಚರ್?” ಎಂದು ಅಪ್ಪ ಕೇಳಿದರು.

“ಮನುಷ್ಯಾರ ಮನಸಿನ್ಯಾಗ ಏನ್ ನಡದೈತಿ ಅನ್ನೂದನ್ನ ಕಲಸ್ತಾರ್ರೀ.”

“ಅದು ಒಳ್ಳೆದೇ. ಹೋಟೆಲಿನವರಿಗೆ ಬೇಕೇ ಬೇಕು. ಬಾಗಿಲಿಗೆ ಬಂದವ ಊಟ ಮಾಡ್ಲಿಕ್ಕೆ ಬಂದದ್ದಾ, ಕಾಫಿ ಕುಡಿದು ಫ್ಯಾನಿನ ಅಡಿಯಲ್ಲಿ ಕೂತ್ಕೊಳ್ಲಿಕ್ಕೆ ಬಂದದ್ದಾ ಅಂತ ನಾನು ದೂರದಿಂದಲೇ ಹೇಳ್ತೇನೆ. ನಾನು ಕಾಲೇಜಿಗೆ ಹೋಗದೆ ಸೈಕಾಲಜಿ ಮಾಡಿದ್ದು, ಅವಳು ಹೋಗಿ ಮಾಡ್ಲಿ.”

ಕೋರ್ಸಿಗೆ ಇಷ್ಟು ಸುಲಭವಾಗಿ ಒಪ್ಪುವ ಅಪ್ಪ ನನಗೆ ಸಿಕ್ಕಿದ್ದೇ ಅಪರೂಪ. ಖುಷಿಯಾಯಿತು. ಆಮೇಲೆ ಅವರು ತಮ್ಮ ಒಂದೇ ಒಂದು ಷರತ್ತು ಹೇಳಿದರು.

“ಯಾವ ಕಾಲೇಜಾದ್ರೂ ಆಗ್ತದೆ. ಕ್ಯಾಂಟೀನಿನಲ್ಲಿ ನಮ್ಮವರು ಇರ್ಬೇಕು.”

ನಾನು ತಮಾಷೆ ಎಂದುಕೊಂಡೆ. ಅವರು ಗಂಭೀರವಾಗಿಯೇ ವಿವರಿಸಿದರು. ಈ ಕಡೆಯ ಎಷ್ಟೋ ಕಾಲೇಜುಗಳ ಕ್ಯಾಂಟೀನು ನಡೆಸುವುದು ಅವರ ಊರ ಕಡೆಯವರೇ. ಅಲ್ಲೊಬ್ಬ ಪರಿಚಯದವನಿದ್ದರೆ ಮಗಳು ತಿಂದಳೋ ಇಲ್ಲವೋ, ಯಾರ ಜೊತೆ ಇದ್ದಳು, ಎಷ್ಟು ಹೊತ್ತಿಗೆ ಹೊರಟಳು, ಎಲ್ಲ ತಿಳಿಯುತ್ತದೆ. “ಪ್ರಿನ್ಸಿಪಾಲ್ ಬದಲಾಗ್ತಾರೆ ಟೀಚರ್, ಕ್ಯಾಂಟೀನಿನವ ಬದಲಾಗುದಿಲ್ಲ” ಎಂದರು.

ನನ್ನನ್ನು ಆಟೋ ಹತ್ತಿಸಲು ಮಗಳು ಕೆಳಗೆ ಬಂದಳು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. “ಟೀಚರ್, ಕಾಲೇಜ್ ಕೋಯಿ ಭೀ ಚಲೇಗಾ. ಬಸ್, ವಹಾಂ ಪಪ್ಪಾ ಕಾ ಕೋಯಿ ಆದ್ಮಿ ನಹೀ ಹೋನಾ ಚಾಹಿಯೆ.” ಅಪ್ಪನಿಗೆ ತಮ್ಮವರೊಬ್ಬರು ಇರಲೇಬೇಕು, ಮಗಳಿಗೆ ಅಪ್ಪನ ಕಡೆಯವರು ಒಬ್ಬರೂ ಇರಕೂಡದು.

ಅವಳ ಕಷ್ಟ ನನಗೆ ಗೊತ್ತಿತ್ತು. ಡೊಂಬಿವಲಿಯಲ್ಲಿ ಅವಳಿಗೆ ಹೆಸರೇ ಇಲ್ಲ, ಎಲ್ಲರ ಬಾಯಲ್ಲೂ ಅವಳು ಹೋಟೆಲಿನವರ ಮಗಳು. ಒಮ್ಮೆ ಗೆಳತಿಯರ ಜೊತೆ ಸ್ಟೇಷನ್ನಿನ ಆಚೆ ಕಡೆ ಪಾನಿಪುರಿ ತಿಂದಿದ್ದಳಂತೆ. ಅವಳು ಸೇತುವೆ ಹತ್ತಿ ಇಳಿದು ಮನೆಗೆ ಬರುವಷ್ಟರಲ್ಲಿ ಅಮ್ಮ ಹೊಟ್ಟೆಗೆಂದು ಜೀರಿಗೆ ಕಷಾಯ ಕುದಿಸಿ, ಆರಿಸಿ, ಲೋಟಕ್ಕೆ ಬಗ್ಗಿಸಿ ಇಟ್ಟಿದ್ದರು.

“ಸಿರ್ಫ್ ತೀನ್ ಸಾಲ್, ಟೀಚರ್” ಎಂದಳು. ಮೂರು ವರ್ಷ ಯಾರ ಮಗಳೂ ಅಲ್ಲದೆ ಇದ್ದು ನೋಡಬೇಕಂತೆ. ನೋಡೋಣ, ಅಂಥದ್ದೊಂದು ಕಾಲೇಜು ಹುಡುಕಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟೆ. ಸುಲಭದ ಕೆಲಸ ಎಂದುಕೊಂಡಿದ್ದೆ.

೩. ಚಟ್ನಿಯ ಪರೀಕ್ಷೆ

ಮೊದಲು ಹೋದದ್ದು ಠಾಣೆಯ ಒಂದು ಕಾಲೇಜಿಗೆ. ಸೈಕಾಲಜಿಗೆ ಸುತ್ತಮುತ್ತ ಅದಕ್ಕಿಂತ ಒಳ್ಳೆಯದಿಲ್ಲ. ವಿಭಾಗದ ಮುಖ್ಯಸ್ಥೆ ಬಲು ಪ್ರೀತಿಯಿಂದ ಮಾತಾಡಿಸಿದರು. ಹುಡುಗಿ ಏನೇನೋ ಪ್ರಶ್ನೆ ಕೇಳಿದಳು, ಅವರಿಗೂ ಅವಳು ಹಿಡಿಸಿದಳು. ಈ ಗಲಾಟೆಯಲ್ಲಿ ಅಪ್ಪ ಯಾವಾಗ ಮಾಯವಾದರೋ ನಾವು ನೋಡಲಿಲ್ಲ.

“ಕ್ಯಾಂಟೀನ್ ಮೇ ಹೋಂಗೆ” ಎಂದಳು ಮಗಳು, ದನಿಯಲ್ಲಿ ಆಗಲೇ ದಣಿವು.

ಹೋಗಿ ನೋಡಿದರೆ ನಮ್ಮ ಮಾಲೀಕರು ಕ್ಯಾಂಟೀನಿನ ಅಡುಗೆಮನೆಯಲ್ಲಿ ತೋಳು ಮಡಚಿ ನಿಂತು, ಅಂಗೈಗೆ ಚಟ್ನಿ ಹಾಕಿಸಿಕೊಂಡು ನೆಕ್ಕುತ್ತಿದ್ದರು. ಕ್ಯಾಂಟೀನ್ ನಡೆಸುವವರು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಎದುರಿಗೆ ನಿಂತಿದ್ದರು.

“ತೆಂಗಿನಕಾಯಿ ಎಲ್ಲಿ ಮಾರಾಯ್ರೆ? ಬರೀ ಹುರಿಗಡಲೆ ಉಂಟು, ನೀರುಂಟು” ಎಂದು ಅವರಿಗೆ ಹೇಳಿ, ನಮ್ಮ ಕಡೆ ತಿರುಗಿದರು. “ಟೀಚರ್, ಇವರು ನಮ್ಮ ದೊಡ್ಡಮ್ಮನ ಅಳಿಯನ ತಮ್ಮ. ಅಡ್ಮಿಷನ್ ಆಯ್ತು ಅಂತಲೇ ಲೆಕ್ಕ.”

ದೊಡ್ಡಮ್ಮನ ಅಳಿಯನ ತಮ್ಮ ಹುಡುಗಿಯ ತಲೆ ಸವರಿ, ಧೈರ್ಯ ತುಂಬುವ ದನಿಯಲ್ಲಿ ಹೇಳಿದರು: “ನೀನು ಎಂತಕ್ಕೂ ಹೆದರ್ಬೇಡ ಮಗಾ. ಎಷ್ಟು ಗಂಟೆಗೆ ಬಂದೆ, ಯಾರೊಟ್ಟಿಗೆ ಕೂತೆ, ಎಲ್ಲ ನಾನು ಅಪ್ಪನಿಗೆ ಫೋನ್ ಮಾಡಿ ಹೇಳ್ತೇನೆ.”

ವಾಪಸು ಬರುವಾಗ ಹುಡುಗಿ ಕಿಟಕಿ ಕಡೆ ಮುಖ ಮಾಡಿಕೊಂಡೇ, ಅಲ್ಲಿ ಕಟ್-ಆಫ್ ಬಹಳ ಮೇಲೆ, ನನ್ನ ಮಾರ್ಕು ಸಾಲುವುದಿಲ್ಲ ಎಂದುಬಿಟ್ಟಳು. ಧಾರಾಳವಾಗಿ ಸಾಲುತ್ತಿತ್ತು. “ಹೌದಾ ಟೀಚರ್?” ಎಂದು ಅಪ್ಪ ನನ್ನನ್ನು ಕೇಳಿದರು. “ಕಷ್ಟ ಐತ್ರಿ” ಎಂದೆ. ಅಷ್ಟು ಕಷ್ಟಪಟ್ಟು ಓದಿದ ಹುಡುಗಿ ತನ್ನ ಮಾರ್ಕನ್ನು ತಾನೇ ಕಡಿಮೆ ಎಂದು ಹೇಳಿಕೊಳ್ಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆ ಮುಖ್ಯಸ್ಥೆಯ ಕೈಯಲ್ಲಿ ಅವಳು ಪಳಗಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಅಪ್ಪ ತಲೆಯಾಡಿಸಿ ಹೇಳಿದರು: “ಅಷ್ಟು ಮಾರ್ಕು ಕೇಳುವವರು ಚಟ್ನಿಗೆ ಅಷ್ಟು ನೀರು ಹಾಕ್ಬಾರದು.”

೪. ಮಾತು ಬಿಟ್ಟವನು

ಎರಡನೆಯದು ಕಲ್ಯಾಣದಲ್ಲಿ. ಈ ಸಲ ಹುಡುಗಿ ಗೆಳತಿಯೊಬ್ಬಳನ್ನು ಮೊದಲೇ ಕಳಿಸಿ ವಿಚಾರಿಸಿದ್ದಳು. ಕ್ಯಾಂಟೀನು ಒಬ್ಬ ಪಂಜಾಬಿಯದು. ಅಪ್ಪ ಬೋರ್ಡ್ ಓದಿದರು, ಗಲ್ಲಾದಲ್ಲಿ ಕೂತವರ ಮುಖ ನೋಡಿದರು, ಹ್ಯಾಪುಮೋರೆ ಹಾಕಿಕೊಂಡರು. “ಬಂದದ್ದಕ್ಕೆ ಒಂದು ಚಾ ಕುಡಿದು ಹೋಗುವ” ಎಂದರು.

ಅಷ್ಟರಲ್ಲಿ ಒಳಗೆ ದೋಸೆಕಲ್ಲಿನ ಮುಂದೆ ನಿಂತಿದ್ದ ಮನುಷ್ಯ ನಮ್ಮನ್ನು ಕಂಡವನೇ ಸಟ್ಟುಗದ ಸಮೇತ ಕೆಳಗೆ ಕೂತುಬಿಟ್ಟ. ನಮ್ಮ ಮಾಲೀಕರು ಎದ್ದು ನಿಂತರು. “ಆ ಕಿವಿ ನಂಗೆ ಗೊತ್ತುಂಟು” ಎಂದರು.

ವಿಷಯ ಇಷ್ಟೆ. ಆತ ಇವರ ಹೋಟೆಲಿನಲ್ಲಿ ಬಹಳ ವರ್ಷ ದೋಸೆ ಹುಯ್ದವನು. ಗಣಪತಿ ಹಬ್ಬದ ನೂಕುನುಗ್ಗಲಿನಲ್ಲಿ ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟುಹೋಗಿದ್ದ. ಅಲ್ಲಿಂದೀಚೆಗೆ ಇಬ್ಬರಿಗೂ ಮಾತಿಲ್ಲ. ಇದನ್ನು ಹುಡುಗಿಯೇ ನನ್ನ ಕಿವಿಯಲ್ಲಿ ಹೇಳಿದಳು. ಅವಳ ಮುಖ ಬೆಳಗುತ್ತಿತ್ತು. “ಟೀಚರ್, ಯೇ ಪರ್ಫೆಕ್ಟ್ ಹೈ! ಯೇ ದೋನೋ ಬಾತ್ ಹೀ ನಹೀ ಕರ್ತೇ!” ಕ್ಯಾಂಟೀನಿನಲ್ಲಿ ಅಪ್ಪನ ಕಡೆಯವನೂ ಇದ್ದಾನೆ, ಅವನು ಅಪ್ಪನಿಗೆ ಫೋನೂ ಮಾಡುವುದಿಲ್ಲ. ಇಬ್ಬರ ಷರತ್ತೂ ಪೂರೈಸಿದ ಹಾಗಾಯಿತು ಎಂದು ನನಗೂ ಹಿಗ್ಗು.

ಮಾಲೀಕರು ಒಳಗೆ ನುಗ್ಗಿದರು. ತುಳುವಿನಲ್ಲಿ ಜೋರು ಜೋರು ಮಾತು ಕೇಳಿಸಿತು. ಯಾವಾಗ ತಟ್ಟೆ ಒಡೆಯುತ್ತದೋ ಎಂದು ನಾವು ಒಳಗಿನ ಕಡೆಗೇ ಕಿವಿಗೊಟ್ಟು ಕೂತೆವು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೆಗಲ ಮೇಲೆ ಕೈಹಾಕಿಕೊಂಡು ಹೊರಗೆ ಬಂದರು, ಇಬ್ಬರ ಕಣ್ಣಲ್ಲೂ ನೀರು. ಎಂದೋ ಒಂದು ದಿನ ಗಿರಾಕಿಗಳ ಮುಂದೆ ಇವರು ಗದರಿದ್ದರಂತೆ, ಅದು ಆತನ ಮನಸ್ಸಿಗೆ ನಾಟಿತ್ತಂತೆ. “ತಪ್ಪು ನಂದೇ ಟೀಚರ್” ಎಂದರು ಮಾಲೀಕರು. ಮುರಿದ ಮನಸ್ಸು ಕೂಡಿದ್ದು ಕಂಡು ನನ್ನ ಕಣ್ಣೂ ಒದ್ದೆಯಾಯಿತು.

ಆತ ಹುಡುಗಿಯ ಬಳಿ ಬಂದು, “ನಿನ್ನನ್ನು ಎತ್ತಿ ಆಡಿಸಿದವ ನಾನು. ಇನ್ನು ಇಲ್ಲಿ ನಿನ್ನ ಜವಾಬ್ದಾರಿ ಪೂರಾ ನಂದು” ಎಂದ. ಅವಳು ನನ್ನ ಕಡೆ ನೋಡಿ, “ಇನ್‌ಕೋ ಆಜ್ ಹೀ ದೋಸ್ತಿ ಕರ್ನೀ ಥೀ?” ಎಂದಳು. ರಾಜಿಯಾಗಲು ಇವರಿಗೆ ಇವತ್ತೇ ಆಗಬೇಕಿತ್ತೇ ಎಂದು ಅಳು ಬರುವಂತಿತ್ತು ಅವಳಿಗೆ, ನನಗೆ ಅವಳ ಮುಖ ನೋಡಲಾಗಲಿಲ್ಲ.

ಅವಳ ಅದೃಷ್ಟಕ್ಕೆ ಆ ಸೀಟೂ ತಪ್ಪಿತು, ತಪ್ಪಿಸಿದ್ದು ಅಪ್ಪನೇ. ಮರುವಾರ ನಮ್ಮ ಮನೆಗೆ ಬಂದು, “ಕಲ್ಯಾಣದ್ದು ಬೇಡ ಟೀಚರ್” ಎಂದರು. ಯಾಕ್ರೀ ಎಂದೆ. “ಅಲ್ಲಿ ಈಗ ನಮ್ಮವರು ಯಾರಿದ್ದಾರೆ? ಅವ ನಿನ್ನೆಯಿಂದ ನಮ್ಮ ಹೋಟೆಲಿಗೇ ವಾಪಸ್ ಬಂದ.”

೫. ಅವಲಕ್ಕಿಯ ಕಾಲೇಜು

ಕೊನೆಗೆ ಉಳಿದದ್ದು ನವಿ ಮುಂಬಯಿಯ ಒಂದು ಕಾಲೇಜು. ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ರಬಾಳೆ ಎಲ್ಲ ದಾಟಿ ಹೋಗಬೇಕು. ಅಲ್ಲಿಯ ಕ್ಯಾಂಟೀನು ನಡೆಸುತ್ತಿದ್ದವರು ಸುತ್ತಲ ಹಳ್ಳಿಗಳ ಮರಾಠಿ ಹೆಂಗಸರು, ನಾಲ್ಕಾರು ಮಂದಿ ಸೇರಿ ಕಟ್ಟಿಕೊಂಡ ಸಂಘ. ಒಗ್ಗರಣೆ ಅವಲಕ್ಕಿ, ಕಾಳಿನ ಮಿಸಳ್, ಭಾಕರಿ ಎನ್ನುವ ಅಕ್ಕಿ ರೊಟ್ಟಿ, ಒಣ ಮೀನಿನ ಚಟ್ನಿ. ಮಾಲೀಕರು ಒಳಗೆ ಇಣುಕಿ, ಒಂದು ಸುತ್ತು ಹಾಕಿ, ಸೋತ ಮುಖದಲ್ಲಿ ಬಂದರು. “ಇಡ್ಲಿ ಕೂಡ ಇಲ್ಲ ಟೀಚರ್! ಇದೆಂತ ಕಾಲೇಜು?”

ಹುಡುಗಿ ಅಷ್ಟರಲ್ಲಿ ಒಂದು ಪ್ಲೇಟ್ ಅವಲಕ್ಕಿ ತೆಗೆದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಯಾರೂ ಅವಳತ್ತ ತಿರುಗಿಯೂ ನೋಡಲಿಲ್ಲ. ಅಷ್ಟು ನಿರಾಳವಾಗಿ ಅವಳು ತಿನ್ನುವುದನ್ನು ನಾನು ಎಂದೂ ಕಂಡಿರಲಿಲ್ಲ.

ಹಿಂತಿರುಗುವಾಗ ಠಾಣೆಯಲ್ಲಿ ಸ್ಲೋ ಗಾಡಿ ಹತ್ತಿದೆವು. ಮುಂಬ್ರಾದ ಗುಡ್ಡ ಬಂದಾಗ ನಾನೇ ಮಾತು ಶುರುಮಾಡಿದೆ. “ಅಲ್ರೀ, ನೀವು ಸಣ್ಣವರಿದ್ದಾಗ ಒಬ್ಬರೇ ಮುಂಬೈಗೆ ಬಂದ್ರಿ. ನಿಮ್ಮ ಮ್ಯಾಲೆ ಯಾರು ಕಣ್ಣಿಟ್ಟಿದ್ರು?”

“ಯಾರೂ ಇಡ್ಲಿಲ್ಲ. ಅದಕ್ಕೇ ಹೇಳುದು” ಎಂದರು. “ನಾನು ಹೋಟೆಲಿನ ಒಳಗೇ ಇದ್ದು ಉಪವಾಸ ಮಲಗಿದ್ದುಂಟು ಟೀಚರ್. ನೂರು ಜನಕ್ಕೆ ಬಡಿಸಿದೆ, ನಿಂದು ಊಟ ಆಯ್ತಾ ಅಂತ ಒಬ್ಬ ಕೇಳ್ಲಿಲ್ಲ. ನನ್ನ ಮಗಳಿಗೆ ಹಾಗಾಗ್ಬಾರದು.”

ಇಷ್ಟು ದಿನ ಇವರದು ಬರೀ ಕಾವಲು ಎಂದುಕೊಂಡಿದ್ದೆ. ಮಗಳೂ ಅದನ್ನು ಮೊದಲ ಸಲ ಕೇಳಿದ್ದಿರಬೇಕು, ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆದರೂ ಹೇಳಬೇಕಾದದ್ದನ್ನು ಹೇಳಿಯೇ ಹೇಳಿದಳು, ತನ್ನ ಕಲಬೆರಕೆ ಭಾಷೆಯಲ್ಲಿ.

“ಪಪ್ಪಾ, ಖಾನಾ ಹುವಾ ಕ್ಯಾ ಅಂತ ಕೇಳೋದು ಬೇರೆ. ಕಿಸ್ಕೆ ಸಾಥ್ ಖಾಯಾ ಅಂತ ಕೇಳೋದು ಬೇರೆ.”

ಊಟವಾಯಿತೇ ಎನ್ನುವುದು ಒಂದು, ಯಾರ ಜೊತೆ ಎನ್ನುವುದು ಇನ್ನೊಂದು. ಅವರು ಡೊಂಬಿವಲಿಯಲ್ಲಿ ಇಳಿದವರೇ ಮುಂದೆ ಮುಂದೆ ನಡೆದುಹೋದರು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಗೇಟಿನ ಹತ್ತಿರ ನಿಂತಿದ್ದರು.

“ಆಯ್ತು ಟೀಚರ್. ಅಲ್ಲಿಗೇ ಹೋಗ್ಲಿ” ಎಂದರು. ನಾನು ಕೈಮುಗಿಯಬೇಕು ಎನ್ನುವಷ್ಟರಲ್ಲಿ ಸೇರಿಸಿದರು, “ಆದ್ರೆ ಅವಲಕ್ಕಿ ಒಗ್ಗರಣೆಗೆ ಸಾಸಿವೆ ಏನೇನೂ ಸಾಲುದಿಲ್ಲ. ಪ್ರಿನ್ಸಿಪಾಲರಿಗೆ ನೀವೇ ಹೇಳಿ, ನಾನು ಹೇಳಿದ್ರೆ ಚಂದ ಕಾಣುದಿಲ್ಲ.”

೬. ದೋಸಾ ಅಂಕಲ್

ಕಾಲೇಜು ಶುರುವಾದ ಹೊಸದರಲ್ಲಿ ಹುಡುಗಿ ಫೋನ್ ಮಾಡಿದ್ದಳು. “ಟೀಚರ್, ಯಹಾಂ ಸಬ್ ಮುಝೇ ನಾಮ್ ಸೇ ಬುಲಾತೇ ಹೈಂ!” ಎಲ್ಲರೂ ಹೆಸರು ಹಿಡಿದು ಕರೆಯುತ್ತಾರಂತೆ, ಅಷ್ಟಕ್ಕೇ ಆ ಸಡಗರ. ನನ್ನ ಈ ಕೆಲಸ ಸಾರ್ಥಕವಾಯಿತು ಅನಿಸಿದ ಕೆಲವೇ ದಿನಗಳಲ್ಲಿ ಅದೊಂದು.

ಆ ಸಾರ್ಥಕ್ಯ ದೀಪಾವಳಿಯವರೆಗೆ ನಡೆಯಿತು. ರಜೆಯಲ್ಲಿ ಒಂದು ಸಂಜೆ ಅವಳು ಬಂದು ನಮ್ಮ ಸೋಫಾದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಏನೋ ಕಾಗದ ತಲುಪಿಸುವ ನೆಪದಲ್ಲಿ ಕಾಲೇಜಿಗೆ ಹೋದವರು, ಸಹಜವಾಗಿ ಕ್ಯಾಂಟೀನಿಗೂ ಹೋಗಿದ್ದಾರೆ. ಮಕ್ಕಳು ದೋಸೆ ಕೇಳುತ್ತಾರೆ, ನಮಗೆ ಹುಯ್ಯಲು ಬರುವುದಿಲ್ಲ, ಒಬ್ಬ ಒಳ್ಳೆಯ ದೋಸೆಯವನನ್ನು ಹುಡುಕಿಕೊಡಿ ಎಂದು ಇವರು ಹೋಟೆಲಿನವರು ಎಂದಷ್ಟೇ ತಿಳಿದ ಅಲ್ಲಿಯ ಹಿರಿಯ ಹೆಂಗಸು ಇವರನ್ನು ಕೇಳಿದ್ದಾಳೆ. ಇವರು ಹುಡುಕಿದ್ದಾರೆ. ಯಾರನ್ನು? ತಮ್ಮನ್ನೇ.

ಡೊಂಬಿವಲಿಯ ಹೋಟೆಲಿಗೆ ಕಲ್ಯಾಣದಿಂದ ಮರಳಿದವನು ಇದ್ದ, ಗಲ್ಲಾ ನೋಡಿಕೊಳ್ಳಲು ಹೆಂಡತಿಯ ತಮ್ಮನಿದ್ದ. ಮಾಲೀಕರಾದವರು ಬೆಳಿಗ್ಗೆ ಹಿಟ್ಟಿನ ಡಬ್ಬಿ ಹಿಡಿದು ಲೋಕಲ್ ಹತ್ತಿ ಹೋಗಿ, ಆ ಹೆಂಗಸರ ಕ್ಯಾಂಟೀನಿನ ಒಂದು ಮೂಲೆಯಲ್ಲಿ ಕಾವಲಿ ಇಟ್ಟು ನಿಲ್ಲುವವರಿದ್ದರು. ನಾನು ಅವಳನ್ನು ಕರೆದುಕೊಂಡು ಅವರ ಮನೆಗೆ ಬೈಯಲು ಹೋದೆ. ಬೈದೆ ಕೂಡ. ಅವರು ತಲೆತಗ್ಗಿಸಿ ಕೇಳಿಸಿಕೊಂಡು, “ಯಾರೊಟ್ಟಿಗೆ ತಿಂದಳು ಅಂತ ನಾನು ಕೇಳುದಿಲ್ಲ ಟೀಚರ್. ಅವಳು ತಿಂದದ್ದನ್ನು ನೋಡಿದ್ರೆ ಸಾಕು” ಎಂದರು. ಕೊನೆಗೆ ಮಗಳೇ ಕಣ್ಣೊರೆಸಿಕೊಂಡು ಷರತ್ತು ಹಾಕಿದಳು. ಇವರು ತನ್ನ ಅಪ್ಪ ಎಂದು ಕಾಲೇ‍ಜಿನಲ್ಲಿ ಒಂದು ನರಪಿಳ್ಳೆಗೂ ತಿಳಿಯಬಾರದು. ಅವರು ದೇವರ ಪಟದ ಮುಂದೆ ನಿಂತು ಆಣೆ ಇಟ್ಟರು.

ಮರುವರ್ಷ ಹೊಸ ಮಕ್ಕಳನ್ನು ಕರೆದುಕೊಂಡು ಆ ಕಾಲೇಜು ತೋರಿಸಲು ಹೋದೆ. ಕ್ಯಾಂಟೀನಿನ ಮೂಲೆಯಲ್ಲಿ ಉದ್ದ ಸಾಲು. ಸಾಲಿನ ತುದಿಯಲ್ಲಿ ಕಾಗದದ ಟೋಪಿ, ಏಪ್ರನ್ ಹಾಕಿಕೊಂಡು ನಮ್ಮ ಮಾಲೀಕರು. ಹುಡುಗರ ಬಾಯಲ್ಲೆಲ್ಲ ‘ದೋಸಾ ಅಂಕಲ್, ದೋಸಾ ಅಂಕಲ್’. ಅವರೂ ಒಬ್ಬೊಬ್ಬರಿಗೂ “ನಾಷ್ಟಾ ಹುವಾ ಕ್ಯಾ ಬೇಟಾ? ಸುಬಹ್ ಸೇ ಕುಛ್ ಖಾಯಾ?” ಎಂದು ವಿಚಾರಿಸುತ್ತಿದ್ದರು. ನಾನು ಸಂತೋಷದಿಂದ ಬಾಯಿ ತೆರೆದೆ. ಅವರು ಸಟ್ಟುಗ ಎತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಹತ್ತಿರ ಹೋದಾಗ ಪಿಸುಗುಟ್ಟಿದರು: “ಟೀಚರ್, ಇಲ್ಲಿ ನಾನು ಅವಳ ಅಪ್ಪ ಅಲ್ಲ.”

ಅಷ್ಟರಲ್ಲಿ ಅವಳೇ ಬಂದಳು, ಗೆಳತಿಯರ ಗುಂಪಿನ ನಡುವೆ ಗಟ್ಟಿಯಾಗಿ ನಗುತ್ತಾ. ಡೊಂಬಿವಲಿಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಕಣ್ಣು ಮಿಟುಕಿಸದೆ ಹೇಳಿದಳು: “ಅಂಕಲ್, ಏಕ್ ಮಸಾಲಾ. ಚಟ್ನಿ ಝ್ಯಾದಾ.”

“ಹಾಂ ಬೇಟಾ” ಎಂದರು ಅವರು. ಎಲ್ಲರನ್ನೂ ತಿಂದೆಯಾ ಎಂದು ಕೇಳುವವರು ಅವಳೊಬ್ಬಳನ್ನು ಮಾತ್ರ ಏನೂ ಕೇಳಲಿಲ್ಲ. ದೋಸೆ ಮಡಚಿ ಕೊಟ್ಟು, “ನೆಕ್ಸ್ಟ್!” ಎಂದರು.

ಹಿಂದಿದ್ದ ಗೆಳತಿ ತಟ್ಟೆಗೆ ಇಣುಕಿ, ಅಂಕಲ್ ಯಾವಾಗಲೂ ನಿನಗೇ ಹೆಚ್ಚು ಚಟ್ನಿ ಹಾಕುತ್ತಾರೆ, ಗುರುತಿನವರೇನು ಎಂದು ಕೇಳಿದಳು. “ಪತಾ ನಹೀ ಯಾರ್” ಎಂದು ಹುಡುಗಿ ಭುಜ ಹಾರಿಸಿ ನಡೆದಳು. ಹೋಗುವಾಗ ನನ್ನನ್ನು ಕಂಡಳು. ಒಂದು ಕ್ಷಣ ಮುಖ ಸಣ್ಣದಾಯಿತು. ಆಮೇಲೆ ನನ್ನನ್ನೂ ಗುರುತಿಲ್ಲದವರಂತೆ ದಾಟಿಕೊಂಡು ಹೋದಳು.

ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಆ ಹುಡುಗಿ ಬೇಡಿದ್ದು ಮೂರೇ ವರ್ಷ, ಅದನ್ನೂ ಹೀಗೆ ನಾಟಕ ಆಡಿಕೊಂಡು ಕಳೆಯುವ ಹಾಗಾಯಿತಲ್ಲ. ಇತ್ತ ಈ ಮನುಷ್ಯ ದಿನವೂ ಕಣ್ಣೆದುರು ಬರುವ ಮಗಳಿಗೆ ಯಾರೋ ಆಗಿ ನಿಲ್ಲಬೇಕು. ಬೇರೆ ಏನಾದರೂ ದಾರಿ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸಾಲು ಕರಗಿದ ಮೇಲೆ ಕೇಳಿದೆ. “ಹಿಂಗ ಪರಕೀಯರಂಗ ಇರೂದು ತ್ರಾಸ ಆಗೂದಿಲ್ರೀ?”

“ಎಂತ ತ್ರಾಸ ಟೀಚರ್? ದಿನಾ ಅವಳು ಹೊಟ್ಟೆ ತುಂಬಾ ತಿಂದದ್ದು ಕಾಣ್ತದೆ. ಇಬ್ಬರಿಗೂ ಒಳ್ಳೆ ಅಭ್ಯಾಸ ಆಗಿದೆ” ಎಂದು ಕಾವಲಿಗೆ ನೀರು ಚಿಮುಕಿಸಿ ಒರೆಸಿದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು:

“ಅಭ್ಯಾಸ ಸ್ವಲ್ಪ ಜಾಸ್ತಿಯೇ ಆಯ್ತು ಕಾಣ್ತದೆ. ಮೊನ್ನೆ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ‘ಅಂಕಲ್, ಸಾಂಬಾರ್’ ಅಂದಳು. ನಾನೂ ‘ಹಾಂ ಬೇಟಾ’ ಅಂದೆ. ಅವಳಮ್ಮ ಊಟ ಬಿಟ್ಟು ನಮ್ಮಿಬ್ಬರ ಮುಖ ನೋಡ್ತಾ ಕೂತಿದ್ದಾಳೆ, ಎಂತಕ್ಕೆ ಅಂತ ನಮಗೆ ಗೊತ್ತಾದದ್ದು ಸಾಂಬಾರ್ ಬಡಿಸಿ ಆದ ಮೇಲೆ.”